ಹಿಂದಿನ ಸಾಲು ಯಾಕೆ ಯಾವಾಗಲೂ ಒಂದು ಹೆಜ್ಜೆ ತಡ? ವ್ಯಾಯಾಮ ತರಗತಿಯಲ್ಲಿ ಸನ್ನೆಯ ಬಳಕೆ

ಪ್ರಶ್ನೆ: ಮೈಸೂರಿನ ಒಂದು ಬಡಾವಣೆಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಏರೋಬಿಕ್ಸ್ ತರಗತಿ ನಡೆಸುತ್ತೇನೆ. ಮೂವತ್ತರ ಹತ್ತಿರ ಜನ ಬರುತ್ತಾರೆ, ಕಾಲೇಜು ಹುಡುಗಿಯರಿಂದ ಹಿಡಿದು ನಿವೃತ್ತರವರೆಗೆ. ಕೆಲವರಿಗೆ ಕನ್ನಡ ಬಾರದು. ಹಾಡಿನ ಸದ್ದಿನ ಮೇಲೆ ಕೂಗಿ ಕೂಗಿ ವಾರದ ಕೊನೆಗೆ ಗಂಟಲು ಕಟ್ಟುತ್ತದೆ. ಆದರೂ ಹಿಂದಿನ ಸಾಲು ಒಂದು ಹೆಜ್ಜೆ ತಡ. ‘ಬಲಕ್ಕೆ’ ಅಂದರೆ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಮಾತು ಕಡಿಮೆ ಮಾಡಿ ಸನ್ನೆಯಲ್ಲೇ ಕಲಿಸಬಹುದು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗಂಟಲಿನ ವಿಷಯ ಕೊನೆಗೆ ನೋಡೋಣ. ಮೊದಲು ಹಿಂದಿನ ಸಾಲು.

ಅವರು ತಡವಾಗುವುದು ನಿಮ್ಮ ದನಿ ಅಲ್ಲಿಗೆ ಮುಟ್ಟುತ್ತಿಲ್ಲ ಅಂತಲ್ಲ. ಹಿಂದೆ ನಿಂತವರು ಸಾಮಾನ್ಯವಾಗಿ ನಿಮ್ಮನ್ನು ನೋಡುವುದೇ ಇಲ್ಲ. ಮುಂದಿನವರ ಕಾಲು ನೋಡಿಕೊಂಡು ಮಾಡುತ್ತಾರೆ. ನೀವು ಹೆಜ್ಜೆ ಬದಲಿಸಿದಿರಿ, ಮೊದಲ ಸಾಲು ಅದನ್ನು ಕಂಡು ಬದಲಿಸಿತು, ಎರಡನೆಯದು ಮೊದಲನೆಯದನ್ನು ಕಂಡು ಬದಲಿಸಿತು. ನಾಲ್ಕನೆಯ ಸಾಲಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಂದೆರಡು ಬೀಟ್ ಕಳೆದೇ ಹೋಗಿರುತ್ತದೆ. ಇನ್ನಷ್ಟು ಜೋರಾಗಿ ಕೂಗಿದರೆ ಇದು ಸರಿಹೋಗುವುದಿಲ್ಲ. ಸೂಚನೆ ಬೇಗ ಹೊರಡಬೇಕು, ಮತ್ತು ಅದು ನಾಲ್ಕನೆಯ ಸಾಲಿನ ಕಣ್ಣಿಗೆ ನೇರವಾಗಿ ಬೀಳಬೇಕು. ಸನ್ನೆಯಿಂದ ನಿಮಗೆ ಆಗಬೇಕಾದ ಮುಖ್ಯ ಉಪಕಾರ ಅದು.

ಇಲ್ಲೊಂದು ಮಾತು. ‘ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ದೇಹಭಾಷೆ’ ಎಂಬುದನ್ನು ತರಬೇತಿ ಶಿಬಿರಗಳಲ್ಲಿ ಮಂತ್ರದ ಹಾಗೆ ಹೇಳುತ್ತಾರೆ. ಆ ಅಂಕಿ ಹುಟ್ಟಿದ್ದು 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಪ್ರಕಟಿಸಿದ ಪ್ರಯೋಗಗಳಿಂದ. ಆಡಿದ ಮಾತಿಗೂ ದನಿ–ಮುಖಭಾವಕ್ಕೂ ತಾಳೆಯಾಗದಿದ್ದಾಗ, ಆ ವ್ಯಕ್ತಿಗೆ ನಮ್ಮ ಮೇಲೆ ಪ್ರೀತಿಯೋ ಅಸಮಾಧಾನವೋ ಎಂದು ಜನ ಯಾವುದರಿಂದ ಅಳೆಯುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ‘ಮಂಡಿ ಒಳಗೆ ಬಾಗಿಸಬೇಡಿ’ ಎಂಬ ಸೂಚನೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಹಾಗಾಗಿ ಮಾತನ್ನು ಪೂರ್ತಿ ಬಿಡುವ ಯೋಚನೆ ಬೇಡ. ಯಾವುದನ್ನು ಕೈಗೆ ಬಿಡಬೇಕು, ಯಾವುದನ್ನು ಬಾಯಿಗೆ ಉಳಿಸಿಕೊಳ್ಳಬೇಕು ಎಂದು ವಿಂಗಡಿಸಿಕೊಂಡರೆ ಸಾಕು.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಏರೋಬಿಕ್ಸ್‌ಗೆಂದೇ ಮಿಕ್ಸ್ ಮಾಡಿದ ಸಂಗೀತ 8 ಬೀಟ್‌ಗಳ ಗುಂಪಿನಲ್ಲಿ ಸಾಗುತ್ತದೆ. ಅಂಥ ನಾಲ್ಕು ಗುಂಪು ಸೇರಿದರೆ 32 ಬೀಟ್‌ಗಳ ಒಂದು ಸುತ್ತು. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್‌ಗೆ ಅರ್ಧ ಸೆಕೆಂಡು, 4 ಬೀಟ್‌ಗೆ 2 ಸೆಕೆಂಡು. ವೇಗ 140ಕ್ಕೆ ಏರಿದರೆ 4 ಬೀಟ್‌ಗೆ ಸಿಗುವುದು 1.7 ಸೆಕೆಂಡು ಮಾತ್ರ. ಈ ಅವಧಿಯಲ್ಲಿ ಎದುರಿಗಿರುವವರು ಸನ್ನೆ ನೋಡಬೇಕು, ಅರ್ಥ ಮಾಡಿಕೊಳ್ಳಬೇಕು, ದೇಹದ ಭಾರವನ್ನು ಸರಿಯಾದ ಕಾಲಿನ ಮೇಲೆ ತಂದುಕೊಳ್ಳಬೇಕು. ಕೊನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುವುದು. ಎಡಗಾಲಿನ ಮೇಲೆ ಭಾರ ಇಟ್ಟುಕೊಂಡವರಿಗೆ ‘ಎಡಗಾಲು ಎತ್ತಿ’ ಎಂದು ಕೊನೆಯ ಬೀಟ್‌ನಲ್ಲಿ ತೋರಿಸಿದರೆ ತಡವರಿಸದೆ ಇನ್ನೇನು ಮಾಡಿಯಾರು?

ಆದ್ದರಿಂದ ಬದಲಾವಣೆಗೆ ಮುಂಚಿನ ಕೊನೆಯ 8 ಬೀಟ್ ನಿಮ್ಮದು. ಅದನ್ನು ಹೀಗೆ ಹಂಚಿಕೊಳ್ಳಿ. 1 ಮತ್ತು 2ನೇ ಬೀಟ್‌ಗೆ ಒಂದು ಕೈ ತಲೆಯ ಮೇಲೆ ನೇರವಾಗಿ ಏಳಲಿ, ಅಂಗೈ ಅವರ ಕಡೆಗೆ; ಇದು ‘ಗಮನ’ ಸನ್ನೆ. 3 ಮತ್ತು 4ಕ್ಕೆ ಮುಂದಿನ ಚಲನೆಯ ದಿಕ್ಕು ತೋರಿಸಿ. 5, 6, 7ನೇ ಬೀಟ್‌ಗಳಿಗೆ ಬೆರಳಿನಲ್ಲಿ ನಾಲ್ಕು, ಮೂರು, ಎರಡು. 8ನೇ ಬೀಟ್‌ಗೆ ಮತ್ತೆ ಅದೇ ದಿಕ್ಕು, ಈ ಸಲ ತೋಳನ್ನು ಜೋರಾಗಿ ಬೀಸಿ. ಮುಂದಿನ ಒಂದಕ್ಕೆ ಇಡೀ ತರಗತಿ ಹೊರಡುತ್ತದೆ. ಹಿರಿಯರು ಹೆಚ್ಚಿರುವ ತರಗತಿಯಲ್ಲಿ, ಅಥವಾ ಹೆಜ್ಜೆ ಹೊಸದಾದಾಗ, ಇದಕ್ಕೂ ಮೊದಲಿನ 8 ಬೀಟ್‌ನಲ್ಲಿ ನೀವೊಬ್ಬರೇ ಮುಂದಿನ ಹೆಜ್ಜೆಯನ್ನು ಮಾಡಿ ತೋರಿಸಿ. ಅವರು ಇದ್ದಲ್ಲೇ ಮಾರ್ಚ್ ಮಾಡುತ್ತಿರಲಿ. ತೀರಾ ಮುಂಚೆ ಎಣಿಕೆ ತೋರಿಸುವುದೂ ತಪ್ಪೇ: 16 ಬೀಟ್ ಇರುವಾಗಲೇ ಬೆರಳು ಎತ್ತಿದರೆ ಚುರುಕಾದ ಮೊದಲ ಸಾಲು ಹೊರಟೇಬಿಡುತ್ತದೆ, ಉಳಿದವರು ಅವರ ಹಿಂದೆ.

ಸಿನಿಮಾ ಹಾಡು ಹಾಕುವುದಾದರೆ ಒಂದು ತೊಡಕಿದೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವಾಗ ಬರುವ ಹಿನ್ನೆಲೆ ಸಂಗೀತ ಎಷ್ಟೋ ಹಾಡುಗಳಲ್ಲಿ 32ರ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ನಾಲ್ಕು ಬೀಟ್ ಹೆಚ್ಚೋ ಕಡಿಮೆಯೋ ಇದ್ದು, ನಿಮ್ಮ ನಾಲ್ಕು–ಮೂರು–ಎರಡು ಅರ್ಧದಲ್ಲೇ ಹಾರಿಹೋಗುತ್ತದೆ. ಹಾಡನ್ನು ಮನೆಯಲ್ಲಿ ಎಣಿಸಿಕೊಂಡು, ಲೆಕ್ಕ ತಪ್ಪುವ ಜಾಗದಲ್ಲಿ ಬರೀ ಮಾರ್ಚ್ ಇಟ್ಟುಕೊಳ್ಳಿ.

ಸನ್ನೆಗಳು ಎಷ್ಟಿರಬೇಕು? ಎಂಟು ಹತ್ತು ಸಾಕು, ಇಪ್ಪತ್ತಾದರೆ ಅದನ್ನು ಕಲಿಸಲು ಬೇರೆ ತರಗತಿ ಬೇಕಾಗುತ್ತದೆ. ಗಮನ, ಎಣಿಕೆ, ದಿಕ್ಕು ಮೂರು ಆಯಿತು. ದಿಕ್ಕು ತೋರಿಸುವಾಗ ಬೆರಳಲ್ಲ, ಇಡೀ ತೋಳು, ಭುಜದ ಎತ್ತರದಲ್ಲಿ, ಅಂಗೈ ಬಿಚ್ಚಿ. ವೃತ್ತದಲ್ಲಿ ನಿಂತ ಟ್ರಾಫಿಕ್ ಪೊಲೀಸರ ಕೈ ಐವತ್ತು ಅಡಿ ದೂರದ ಸ್ಕೂಟರ್‌ನವನಿಗೂ ಕಾಣುವುದು ಮೊಣಕೈ ಮಡಚದೇ ಇರುವುದರಿಂದ. ಎಣಿಕೆಯ ಬೆರಳು ಹಣೆಗಿಂತ ಮೇಲೆ, ದೇಹದಿಂದ ದೂರ ಇರಲಿ. ಎದೆಯ ಮುಂದೆ ತೋರಿಸಿದರೆ ಟೀ ಶರ್ಟಿನ ಬಣ್ಣದಲ್ಲಿ ಬೆರಳು ಕರಗಿಹೋಗುತ್ತದೆ. ನಾಲ್ಕು ತೋರಿಸುವಾಗ ಹೆಬ್ಬೆರಳು ಪೂರ್ತಿ ಮಡಚಿ, ಉಳಿದವನ್ನು ಬಿಡಿಸಿ ಹಿಡಿಯಿರಿ. ಬೆರಳುಗಳು ಅಂಟಿಕೊಂಡಿದ್ದರೆ ದೂರದಿಂದ ನಾಲ್ಕೂ ಮೂರೂ ಒಂದೇ.

ಮುಂದಕ್ಕೆ ಬನ್ನಿ ಎನ್ನಲು ನಮ್ಮ ಕಡೆ ಕರೆಯುವ ರೀತಿಯಲ್ಲೇ ಅಂಗೈ ಕೆಳಮುಖ ಮಾಡಿ ಎರಡೂ ಕೈ ಬೀಸಿ. ವಿದೇಶಿ ವಿಡಿಯೋಗಳಲ್ಲಿ ಕಾಣುವಂತೆ ತೋರುಬೆರಳು ಮೇಲೆತ್ತಿ ಕೊಂಕಿಸಿ ಕರೆದರೆ ಹಿರಿಯರಿಗೆ ಅದು ಮರ್ಯಾದೆ ಅನ್ನಿಸುವುದಿಲ್ಲ. ಹಿಂದಕ್ಕೆ ಹೋಗಲು ಎರಡೂ ಅಂಗೈಯಿಂದ ಗಾಳಿಯನ್ನು ತಳ್ಳಿ. ಮೊದಲಿನಿಂದ ಮಾಡೋಣ ಎನ್ನಲು ನೆತ್ತಿಯ ಮೇಲೆ ಎರಡು ಸಲ ತಟ್ಟಿಕೊಳ್ಳುವುದು ರೂಢಿ. ಹೀಗೇ ಮುಂದುವರಿಯಲಿ ಎನ್ನಲು ಎದೆಯ ಮುಂದೆ ಎರಡೂ ಮುಂಗೈಗಳನ್ನು ಒಂದರ ಸುತ್ತ ಒಂದು ಸುತ್ತಿಸಬಹುದು. ನನ್ನನ್ನು ನೋಡಿ ಎನ್ನಲು ಎರಡು ಬೆರಳು ನಿಮ್ಮ ಕಣ್ಣಿನತ್ತ. ಹಗುರ ಮಾಡಿ ಎನ್ನಲು ಅಂಗೈ ಕೆಳಗೆ ಮಾಡಿ ಇಳಿಸುವುದು, ಜೋರು ಮಾಡಿ ಎನ್ನಲು ಅಂಗೈ ಮೇಲೆ ಮಾಡಿ ಎತ್ತುವುದು. ತಿರುಗುವುದಿದ್ದರೆ ಯಾವ ಕಡೆಗೆ ಎಂದು ಮೊದಲು ತೋಳಿನಿಂದ ತೋರಿಸಿ, ಆಮೇಲೆ ತಲೆಯ ಮೇಲೆ ಬೆರಳು ಸುತ್ತಿಸಿ; ಬರೀ ಬೆರಳು ಸುತ್ತಿಸಿದರೆ ಎದುರಿನಿಂದ ನೋಡುವವರಿಗೆ ದಿಕ್ಕು ತಿಳಿಯುವುದಿಲ್ಲ. ನೀರು ಕುಡಿಯಿರಿ ಎನ್ನಲು ಹೆಬ್ಬೆರಳು ಬಾಯಿಗೆ ತೋರಿಸುವ ಸನ್ನೆ ಬೇಡ. ನಮ್ಮಲ್ಲಿ ಅದಕ್ಕೆ ಬೇರೆ ಅರ್ಥವೂ ಇದೆ, ತರಗತಿ ನಗುವುದರಲ್ಲಿ ಎರಡು ನಿಮಿಷ ಹೋಗುತ್ತದೆ. ಬಾಟಲಿಯನ್ನೇ ಎತ್ತಿ ಹಿಡಿಯಿರಿ.

ಸನ್ನೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ತುಂಬಾ ಜನ ಗಮನಿಸುವುದಿಲ್ಲ. ‘ಒಂದೊಂದು ಸಲ’, ‘ಎರಡೆರಡು ಸಲ’ ಎಂಬುದನ್ನೂ ಬೆರಳಲ್ಲೇ ತೋರಿಸುತ್ತೇವೆ. ಅದನ್ನೂ ತಲೆಯ ಮೇಲೆ ತೋರಿಸಿದರೆ ‘ಎರಡೆರಡು’ ಎಂಬುದು ಎಣಿಕೆಯ ಎರಡಾಗಿ ಕಂಡು ಜನ ಹೆಜ್ಜೆ ಬದಲಿಸಿಬಿಡುತ್ತಾರೆ. ಎಣಿಕೆ ಯಾವಾಗಲೂ ತಲೆಯ ಮೇಲೆ, ಸಲಗಳ ಲೆಕ್ಕ ಯಾವಾಗಲೂ ಸೊಂಟದ ಪಕ್ಕ ಎಂದು ಜಾಗ ಬೇರೆ ಮಾಡಿ. ಚಪ್ಪಾಳೆಯದೂ ಅದೇ ಕಥೆ. ಹುರುಪಿಗೆ, ತಾಳಕ್ಕೆ, ಶಭಾಷ್ ಹೇಳಲು, ಗಮನ ಸೆಳೆಯಲು ಎಲ್ಲಕ್ಕೂ ಚಪ್ಪಾಳೆ ತಟ್ಟಿದರೆ ಕೊನೆಗೆ ಯಾವುದಕ್ಕೂ ಅದು ಸೂಚನೆಯಾಗಿ ಉಳಿಯುವುದಿಲ್ಲ. ತಟ್ಟಲೇಬೇಕಾದ ಒಂದು ಸಂದರ್ಭವಿದೆ, ಮುಂದೆ ಹೇಳುತ್ತೇನೆ.

ಇನ್ನೊಂದು ಡಿಕ್ಕಿ ತೋಳಿನ ಚಲನೆಯ ಜೊತೆ. ಗ್ರೇಪ್‌ವೈನ್ (ಕಾಲು ಹೆಣೆಯುತ್ತಾ ಪಕ್ಕಕ್ಕೆ ಸಾಗುವ ಹೆಜ್ಜೆ) ಜೊತೆಗೆ ತೋಳುಗಳನ್ನು ಮೇಲೆ ಕೆಳಗೆ ಆಡಿಸುತ್ತಿರುವಾಗಲೇ ದಿಕ್ಕು ತೋರಿಸಲು ಕೈ ಎತ್ತಿದರೆ, ಅದು ಸನ್ನೆಯೋ ವ್ಯಾಯಾಮವೋ ತಿಳಿಯದೆ ಮುಂದಿನ ಸಾಲು ನಿಮ್ಮ ಸನ್ನೆಯನ್ನೇ ನಕಲು ಮಾಡುತ್ತದೆ. ಮೊದಲು ಎರಡೂ ಕೈ ಸೊಂಟಕ್ಕೆ ಬರಲಿ. ಕೈ ಸೊಂಟದ ಮೇಲಿದ್ದರೆ ಇನ್ನೇನೋ ಬರಲಿದೆ ಎಂದು ಒಂದು ವಾರದಲ್ಲಿ ತರಗತಿಗೆ ಅಭ್ಯಾಸವಾಗುತ್ತದೆ. ಕಾಲಿನ ಕೆಲಸ ಕಲಿಯುವವರೆಗೆ ತೋಳಿನ ಅಲಂಕಾರ ಸೇರಿಸಲೇಬೇಡಿ. ಹಾಗೆಯೇ ಕೂದಲು ಸರಿಮಾಡಿಕೊಳ್ಳುವುದು, ಟೀ ಶರ್ಟ್ ಎಳೆದುಕೊಳ್ಳುವುದು, ಮೈಕ್ ಮುಟ್ಟಿ ನೋಡುವುದು ಇವೆಲ್ಲ ಎದುರಿಗಿರುವ ಮೂವತ್ತು ಜೋಡಿ ಕಣ್ಣಿಗೆ ಕಾಣುತ್ತವೆ. ಸನ್ನೆಗಾಗಿ ಕಾಯುತ್ತಿರುವವರಿಗೆ ಪ್ರತಿಯೊಂದು ಕೈಯೆತ್ತುವಿಕೆಯೂ ಸನ್ನೆಯೇ.

ಕಲಿಸುವ ಕ್ರಮ ಸರಳ. ಮೊದಲ ವಾರ ಗಮನ, ಎಣಿಕೆ, ದಿಕ್ಕು ಮಾತ್ರ. ವಾರ್ಮ್‌ಅಪ್‌ನಲ್ಲಿ ಮಾರ್ಚ್ ಮತ್ತು ಸ್ಟೆಪ್ ಟಚ್ (ಒಂದು ಕಾಲು ಪಕ್ಕಕ್ಕಿಟ್ಟು ಇನ್ನೊಂದನ್ನು ಅದರ ಬಳಿ ತಾಗಿಸುವುದು) ಎರಡನ್ನೇ ಇಟ್ಟುಕೊಂಡು ಸನ್ನೆಯನ್ನೂ ಮಾತನ್ನೂ ಒಟ್ಟಿಗೆ ಕೊಡಿ; ಆಮೇಲೆ ಅದೇ ಬದಲಾವಣೆಯನ್ನು ಮಾತಿಲ್ಲದೆ ಎರಡು ಮೂರು ಸಲ ಮಾಡಿಸಿ. ಬಾಯಿ ಮುಚ್ಚಿದ ಕೂಡಲೇ ತಲೆಗಳು ಮೇಲೇಳುವುದು ನಿಮಗೇ ಕಾಣುತ್ತದೆ, ಏಕೆಂದರೆ ಇಷ್ಟು ದಿನ ಕಿವಿಯಲ್ಲಿ ಕೇಳಿಸಿಕೊಂಡು ನೆಲ ನೋಡುತ್ತಿದ್ದವರು ಈಗ ನಿಮ್ಮನ್ನು ನೋಡಲೇಬೇಕು. ಎರಡನೆಯ ವಾರದಿಂದ ದಿನಕ್ಕೆ ಒಂದೊಂದು ಸೇರಿಸುತ್ತಾ ಹೋಗಿ. ಹೊಸಬರು ಬಂದ ದಿನ ವಾರ್ಮ್‌ಅಪ್‌ನಲ್ಲಿ ಒಂದು ಸುತ್ತು ಮತ್ತೆ ಮಾತಿನೊಂದಿಗೆ ಮಾಡಿಸುವುದನ್ನು ಮರೆಯಬೇಡಿ.

ಎಡ–ಬಲದ ಗೊಂದಲಕ್ಕೆ ಕಾರಣ ಸಾಮಾನ್ಯವಾಗಿ ಕಲಿಸುವವರೇ. ತರಗತಿಗೆ ಮುಖಮಾಡಿ ನಿಂತು ‘ಬಲಗಾಲು’ ಎನ್ನುತ್ತಾ ನಿಮ್ಮ ಬಲಗಾಲನ್ನೇ ಎತ್ತಿದರೆ, ಅವರ ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಕಣ್ಣನ್ನು ನಂಬಿದವರು ಒಂದು ಕಡೆ, ಕಿವಿಯನ್ನು ನಂಬಿದವರು ಮತ್ತೊಂದು ಕಡೆ. ನಿಮ್ಮ ಅರ್ಧ–ಅರ್ಧದ ಲೆಕ್ಕ ಇದೇ. ಎದುರು ನಿಂತಾಗ ನೀವು ಕನ್ನಡಿಯ ಬಿಂಬದಂತೆ ನಡೆಯಬೇಕು: ಅವರ ಬಲಕ್ಕೆ ನಿಮ್ಮ ಎಡ. ಇದಕ್ಕೆ ಅಭ್ಯಾಸ ಬೇಕು. ಮನೆಯಲ್ಲಿ ಗೋಡೆಗೆ ಮುಖಮಾಡಿ ಮಾರ್ಚ್ ಮಾಡುತ್ತಾ, ಎಡಗಾಲು ಎತ್ತುವಾಗ ‘ಬಲ’ ಎಂದು ಜೋರಾಗಿ ಹೇಳಿ. ದಿನಕ್ಕೆ ಐದು ನಿಮಿಷ. ಅದಕ್ಕಿಂತ ಸುಲಭದ ಉಪಾಯವೆಂದರೆ ಎಡ–ಬಲ ಎಂಬ ಪದಗಳನ್ನೇ ಕೈಬಿಡುವುದು. ‘ಕಿಟಕಿ ಕಡೆ’, ‘ಬಾಗಿಲ ಕಡೆ’ ಎನ್ನಿ. ಕನ್ನಡ ಬಾರದವರು ಈ ಎರಡು ಪದಗಳನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ನಿಮ್ಮ ತೋಳೂ ಅಲ್ಲಿಗೇ ತೋರಿಸುತ್ತಿರುತ್ತದೆ. ಡಂಬೆಲ್ ವ್ಯಾಯಾಮಗಳಲ್ಲಿ ಒಂದು ಮುಂಗೈಗೆ ಬಣ್ಣದ ಬ್ಯಾಂಡ್ ಹಾಕಿಸಿದರೆ ‘ಬ್ಯಾಂಡ್ ಇರುವ ಕೈ’ ಎಂದರೆ ಮುಗಿಯಿತು.

ಹಾಗಂತ ಸದಾ ಎದುರು ನಿಲ್ಲಬೇಕೆಂದೇನೂ ಇಲ್ಲ. ತಿರುಗುವ ಹೆಜ್ಜೆ, ಮೂಲೆಗೆ ಹೋಗುವ ಹೆಜ್ಜೆ, ಕಾಲು ಹೆಣೆಯುವ ಹೆಜ್ಜೆಗಳನ್ನು ಮೊದಲ ಸಲ ಕಲಿಸುವಾಗ ಬೆನ್ನು ತೋರಿಸಿ ನಿಲ್ಲುವುದೇ ಲೇಸು. ಆಗ ಅವರ ಬಲವೇ ನಿಮ್ಮ ಬಲ. ಮಾರ್ಚ್ ಮಾಡುತ್ತಲೇ 4 ಬೀಟ್‌ನಲ್ಲಿ ತಿರುಗಿ, 16 ಬೀಟ್ ಮಾಡಿ ತೋರಿಸಿ, ಮತ್ತೆ ಮಾರ್ಚ್ ಮಾಡುತ್ತಾ ಎದುರು ಬನ್ನಿ. ಕನ್ನಡಿ ಇದೆಯೆಂದು ಇಡೀ ಗಂಟೆ ಬೆನ್ನು ತೋರಿಸುವವರಿದ್ದಾರೆ. ಕನ್ನಡಿಯಲ್ಲಿ ಮೊದಲ ಸಾಲು ಚೆನ್ನಾಗಿ ಕಾಣುತ್ತದೆ, ನಾಲ್ಕನೆಯ ಸಾಲು ಮೊದಲನೆಯವರ ಮರೆಯಲ್ಲಿರುತ್ತದೆ. ಅಂದರೆ ತೊಂದರೆ ಇರುವವರೇ ನಿಮಗೆ ಕಾಣುವುದಿಲ್ಲ.

ನಿಲ್ಲುವ ಜಾಗದ ವಿಷಯವೂ ಇಲ್ಲೇ ಬರಲಿ. ಭವನದಲ್ಲಿ ವೇದಿಕೆ ಇದ್ದರೆ ಏರಿ ನಿಲ್ಲಿ. ಒಂದಡಿ ಎತ್ತರದ ಮಣೆಯಾದರೂ ನಡೆಯುತ್ತದೆ, ಅಲುಗಾಡದಿದ್ದರೆ. ಬೆಳಗಿನ ಬಿಸಿಲು ಬರುವ ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಅವರಿಗೆ ಕಾಣುವುದು ಬರೀ ಕಪ್ಪು ಆಕೃತಿ, ಬೆರಳೂ ಕಾಣದು ಮುಖವೂ ಕಾಣದು. ಸಾಲುಗಳನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸದೆ ಇಬ್ಬರ ನಡುವಿನ ಸಂದಿಯಲ್ಲಿ ಹಿಂದಿನವರು ಬರುವಂತೆ ನಿಲ್ಲಿಸಿ. ತರಗತಿಯ ಮಧ್ಯದಲ್ಲಿ ಒಮ್ಮೆ ನೀವು ಹಿಂದಿನ ಗೋಡೆಗೆ ನಡೆದು ಎಲ್ಲರನ್ನೂ ತಿರುಗಿಸಿದರೆ ಹಿಂದಿನ ಸಾಲೇ ಮೊದಲ ಸಾಲಾಗುತ್ತದೆ. ನಾಚಿಕೆಯಿಂದ ಹಿಂದೆ ನಿಂತವರಿಗೆ ಇದು ಹಿಡಿಸದೇ ಇರಬಹುದು; ಆದ್ದರಿಂದ ಅವರಿಗೆ ಬರುವ ಸುಲಭದ ಹೆಜ್ಜೆಯ ಹೊತ್ತಿಗೆ ಮಾತ್ರ ಹೀಗೆ ಮಾಡಿ. ಬಟ್ಟೆಯ ಬಗ್ಗೆ ಒಂದೇ ಮಾತು: ಕಪ್ಪು ಪ್ಯಾಂಟು, ಕಪ್ಪು ಶೂ, ಗಾಢ ಬಣ್ಣದ ನೆಲ ಈ ಮೂರೂ ಸೇರಿದರೆ ನಿಮ್ಮ ಕಾಲು ಯಾರಿಗೂ ಕಾಣುವುದಿಲ್ಲ. ಶೂ ತಿಳಿ ಬಣ್ಣದ್ದಿರಲಿ, ಮಂಡಿ ಎಲ್ಲಿದೆ ಎಂದು ಗೊತ್ತಾಗುವಷ್ಟು ಮೈಗೆ ಹೊಂದುವ ಬಟ್ಟೆ ಇರಲಿ.

ಶಕ್ತಿ ವ್ಯಾಯಾಮಗಳಲ್ಲಿ ಸನ್ನೆಯ ಕೆಲಸ ಬೇರೆ. ಅಲ್ಲಿ ಯಾವಾಗ ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ. ಸ್ಕ್ವಾಟ್, ಅಂದರೆ ಕುರ್ಚಿಯಲ್ಲಿ ಕೂರುವಂತೆ ಇಳಿದು ಏಳುವುದನ್ನು ತೆಗೆದುಕೊಳ್ಳಿ. ಎದುರಿನಿಂದ ಮಾತ್ರ ತೋರಿಸಿದರೆ ಮಂಡಿಗಳು ಪಾದದ ನೇರಕ್ಕಿವೆ ಎಂಬುದು ಕಾಣುತ್ತದೆ, ಸೊಂಟ ಹಿಂದಕ್ಕೆ ಹೋಗಿದ್ದು ಕಾಣುವುದಿಲ್ಲ. ನೋಡಿದವರು ಬೆನ್ನು ನೆಟ್ಟಗಿಟ್ಟು ಮಂಡಿಯನ್ನಷ್ಟೇ ಮುಂದಕ್ಕೆ ಬಾಗಿಸುತ್ತಾರೆ. ಆದ್ದರಿಂದ ಮೊದಲ ಎರಡು ಸಲ ಪಕ್ಕಕ್ಕೆ ತಿರುಗಿ ಮಾಡಿ. ತೊಡೆ ಸೊಂಟಕ್ಕೆ ಸೇರುವ ಮಡಿಕೆಯ ಮೇಲೆ ಅಂಗೈಯ ಅಂಚು ಇಟ್ಟು, ಆ ಮಡಿಕೆಯನ್ನು ಹಿಂದಕ್ಕೆ ತಳ್ಳಿದಂತೆ ತೋರಿಸಿ. ಆಮೇಲೆ ಎದುರು ತಿರುಗಿ, ಎರಡೂ ಕೈಗಳಿಂದ ಮಂಡಿಯಿಂದ ಕಾಲಿನ ಎರಡನೇ ಬೆರಳಿನವರೆಗೆ ಗೆರೆ ಎಳೆದು ತೋರಿಸಿ. ಎದೆ ಎತ್ತಲು ಎದೆಮೂಳೆಯಿಂದ ಗಲ್ಲದ ಕಡೆಗೆ ಬೆರಳು ಎಳೆದರೆ ಸಾಕು. ಇಳಿಯುವ ವೇಗಕ್ಕೆ, ಭುಜದ ಮಟ್ಟದಲ್ಲಿ ಅಂಗೈ ಕೆಳಮುಖವಾಗಿ ಹಿಡಿದು ಮೂರು ಎಣಿಕೆಯಲ್ಲಿ ಸೊಂಟಕ್ಕೆ ಇಳಿಸಿ, ಒಂದು ಎಣಿಕೆಯಲ್ಲಿ ಮೇಲೆತ್ತಿ. ಇಡೀ ತರಗತಿ ನಿಮ್ಮ ಅಂಗೈಯ ಜೊತೆ ಇಳಿದು ಏಳುತ್ತದೆ. ಏಳುವಾಗ ತುಟಿ ಚೂಪು ಮಾಡಿ ಉಸಿರು ಬಿಡುವುದನ್ನು ಸ್ವಲ್ಪ ಅತಿ ಮಾಡಿಯೇ ತೋರಿಸಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ನಿಮ್ಮ ತರಗತಿಯಲ್ಲಿ ನಿವೃತ್ತರಿದ್ದಾರೆ ಎಂಬುದು ನೆನಪಿರಲಿ.

ತಪ್ಪು ಭಂಗಿಯನ್ನು ನಟಿಸಿ ನಗಿಸುವ ಅಭ್ಯಾಸ ಇದ್ದರೆ ಕಡಿಮೆ ಮಾಡಿ. ಹಿಂದಿನ ಸಾಲಿಗೆ ಮಾತು ಕೇಳದಿದ್ದರೆ ಅವರು ಆ ತಪ್ಪನ್ನೇ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ನಿಮಗೇ ಗೊತ್ತಿಲ್ಲದ ತಪ್ಪುಗಳೂ ಹಾಗೆಯೇ ಹರಡುತ್ತವೆ. ನೀವು ಒಂದು ಸೊಂಟಕ್ಕೆ ವಾಲಿಕೊಂಡು ನಿಂತರೆ ತಿಂಗಳೊಳಗೆ ತರಗತಿಯೂ ವಾಲಿಕೊಂಡು ನಿಲ್ಲುತ್ತದೆ.

ಒಬ್ಬೊಬ್ಬರನ್ನು ತಿದ್ದುವಾಗ ಕ್ರಮ ಇರಲಿ. ಮೊದಲು ಯಾರನ್ನೂ ನೋಡದೆ, ಎಲ್ಲರಿಗೂ ಎಂಬಂತೆ ಸನ್ನೆ ಮಾಡಿ. ಸರಿಹೋಗದಿದ್ದರೆ ಅವರ ಕಣ್ಣು ಹಿಡಿದು, ನಿಮ್ಮದೇ ಮಂಡಿಯನ್ನು ಮುಟ್ಟಿ ತೋರಿಸಿ. ಆಗಲೂ ಆಗದಿದ್ದರೆ ಅವರ ಹತ್ತಿರ ಹೋಗಿ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು, ನಾಲ್ಕು ಸಲ ಜೊತೆಯಲ್ಲೇ ಮಾಡಿ, ಮುಂದೆ ನಡೆಯಿರಿ. ಸರಿಪಡಿಸಿಕೊಂಡ ಕೂಡಲೇ ತಲೆಯಾಡಿಸಿ ಒಪ್ಪಿಗೆ ತೋರಿಸುವುದು ಮುಖ್ಯ. ಇಲ್ಲದಿದ್ದರೆ ಸರಿಯಾಯಿತೋ ಇಲ್ಲವೋ ಎಂದು ಅವರು ಮತ್ತೆ ಬದಲಿಸುತ್ತಾರೆ. ಯಾರನ್ನೂ ಬೆರಳು ಮಾಡಿ ತೋರಿಸಬೇಡಿ. ಮ್ಯಾಟ್ ಮೇಲಿರುವವರ ಪಾದ ಸರಿಸಲು ನಿಮ್ಮ ಕಾಲಿನಿಂದ ತಳ್ಳುವುದು ಅಥವಾ ಕಾಲಿನಿಂದ ತೋರಿಸುವುದು ಜಿಮ್‌ಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಎಷ್ಟು ಸಲುಗೆಯಿದ್ದರೂ ಅದು ನಮ್ಮವರ ಮನಸ್ಸಿಗೆ ಚುಚ್ಚುತ್ತದೆ. ಬಗ್ಗಿ ಕೈಯಲ್ಲೇ ತೋರಿಸಿ.

ಮುಟ್ಟಿ ತಿದ್ದುವುದು ಬಹುತೇಕ ಬೇಕಾಗುವುದಿಲ್ಲ. ಮಂಡಿ ಒಳಗೆ ಬಾಗುತ್ತಿದ್ದರೆ ಅವರ ಮಂಡಿಯ ಹೊರಗಡೆ ಎರಡು ಮೂರು ಇಂಚು ದೂರದಲ್ಲಿ ನಿಮ್ಮ ಅಂಗೈ ಹಿಡಿದು, ‘ಮಂಡಿ ಇಲ್ಲಿಗೆ ತಾಗಿಸಿ’ ಎಂದು ಕಣ್ಣಲ್ಲೇ ಹೇಳಬಹುದು. ಅವರು ತಾವೇ ತಳ್ಳಿ ತಲುಪುತ್ತಾರೆ, ಸ್ನಾಯುವಿಗೆ ಪಾಠವೂ ಆಗುತ್ತದೆ. ಮುಟ್ಟಲೇಬೇಕಾದರೆ ಮೊದಲು ಬಾಯಿಬಿಟ್ಟು ಕೇಳಿ, ಅವರು ‘ಸರಿ’ ಎಂದ ಮೇಲೆ ಬೆರಳ ತುದಿಯಿಂದಷ್ಟೇ ಮುಟ್ಟಿ. ಒಪ್ಪಿಗೆಯ ವಿಷಯದಲ್ಲಿ ಸನ್ನೆ ಸಾಲದು.

ಸನ್ನೆ ಎರಡೂ ಕಡೆಯಿಂದ ಬರುತ್ತದೆ ಎಂಬುದನ್ನು ಇನ್‌ಸ್ಟ್ರಕ್ಟರುಗಳು ಬೇಗ ಮರೆಯುತ್ತಾರೆ. ನೀವು ‘ಸರಿಯಿದೆಯಾ?’ ಎಂದಾಗ ತಲೆ ಅಲ್ಲಾಡಿತು ಎಂದರೆ ಕೇಳಿಸಿತು ಎಂದರ್ಥ, ನೋವಿಲ್ಲ ಎಂದಲ್ಲ. ಹಿರಿಯರು ಸಂಕೋಚಕ್ಕೂ ತಲೆಯಾಡಿಸುತ್ತಾರೆ. ಹಾಗಾಗಿ ಉತ್ತರವನ್ನು ಬೆರಳಲ್ಲಿ ಕೇಳಿ: ಆಯಾಸ ಎಷ್ಟು, ಸೊನ್ನೆಯಿಂದ ಹತ್ತರ ಒಳಗೆ, ಎದೆಯ ಹತ್ತಿರ ಬೆರಳು ಹಿಡಿದು ತೋರಿಸಿ, ಪಕ್ಕದವರಿಗೆ ಕಾಣುವುದು ಬೇಡ. ನಿಮ್ಮಂಥ ಮಿಶ್ರ ತರಗತಿಯಲ್ಲಿ ಹೆಚ್ಚಿನವರು ನಾಲ್ಕರಿಂದ ಆರರೊಳಗೆ ಇದ್ದರೆ ಒಳ್ಳೆಯದು. ಎಂಟು ತೋರಿಸಿದವರಿಗೆ ಅಂಗೈ ಇಳಿಸುವ ಸನ್ನೆ ಕೊಡಿ. ಇದಲ್ಲದೆ ಕೇಳದೆಯೇ ಕಾಣುವ ಗುರುತುಗಳಿವೆ. ಭುಜ ಕಿವಿಯ ಹತ್ತಿರ ಏರಿದ್ದರೆ, ಡಂಬೆಲ್ ಹಿಡಿದ ಗೆಣ್ಣುಗಳು ಬಿಳಿಚಿದ್ದರೆ ಭಾರ ಹೆಚ್ಚಾಗಿದೆ. ಹೆಜ್ಜೆ ನೆಲಕ್ಕೆ ದಪದಪ ಬೀಳತೊಡಗಿದರೆ ಕಾಲು ಸೋತಿದೆ, ಕುಪ್ಪಳಿಸುವುದನ್ನು ನಿಲ್ಲಿಸುವ ಹೊತ್ತು. ಮುಖ ಬಿಳಿಚಿ ತಣ್ಣನೆ ಬೆವರು, ಕೈ ಎದೆಯ ಮೇಲೆ ಅಥವಾ ದವಡೆ–ಎಡತೋಳಿನ ಮೇಲೆ ಹೋಗುತ್ತಿರುವುದು, ಒಂದು ವಾಕ್ಯವನ್ನೂ ಪೂರ್ತಿ ಹೇಳಲಾಗದಷ್ಟು ಏದುಸಿರು, ತಲೆಸುತ್ತಿ ಗೋಡೆ ಹಿಡಿಯುವುದು ಕಂಡರೆ ತರಗತಿ ನಿಲ್ಲಿಸಿ ಅವರನ್ನು ಕೂರಿಸಿ. ಎದೆನೋವು ಎಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಲು ಎರಡೂ ತೋಳು ತಲೆಯ ಮೇಲೆ ಕತ್ತರಿಯಂತೆ ಹಿಡಿದು, ಅದೇ ಕ್ಷಣ ಹಾಡು ನಿಲ್ಲಿಸಿ. ಹಾಡು ನಿಂತಷ್ಟು ಬಲವಾದ ಸೂಚನೆ ಬೇರೊಂದಿಲ್ಲ. ಸ್ಪೀಕರಿನ ಸ್ವಿಚ್ಚು ಅಥವಾ ಫೋನು ಕೈಗೆಟುಕುವಂತೆ ಇರಲಿ.

ಬಾಯಿಗೇ ಬಿಡಬೇಕಾದದ್ದೇನು? ಮೊದಲ ಸಲ ಮಾಡಿಸುವ ಯಾವುದೇ ವ್ಯಾಯಾಮ. ನೋವು, ಗರ್ಭಿಣಿ, ಬೆನ್ನಿನ ತೊಂದರೆ ಇರುವವರಿಗೆ ಕೊಡುವ ಬದಲಿ ಭಂಗಿ. ಮತ್ತು ಮುಖ ನೆಲದತ್ತ ಇರುವ ಎಲ್ಲವೂ. ಪ್ಲ್ಯಾಂಕ್‌ನಲ್ಲಿ, ಅಧೋಮುಖ ಶ್ವಾನಾಸನದಲ್ಲಿ ಇರುವವರು ನಿಮ್ಮ ಸನ್ನೆ ನೋಡಲು ಕತ್ತು ಎತ್ತಿದರೆ ಕತ್ತಿಗೂ ಕೇಡು, ಭಂಗಿಯೂ ಕೆಡುತ್ತದೆ. ಆ ಭಂಗಿಗೆ ಹೋಗುವ ಮೊದಲೇ ಎಷ್ಟು ಹೊತ್ತು, ಹೇಗೆ ಇಳಿಯುವುದು ಎಂದು ಹೇಳಿಬಿಡಿ. ಮುಗಿದಾಗ ಒಂದೇ ಒಂದು ಚಪ್ಪಾಳೆ. ಮೊದಲು ಹೇಳಿದ ಚಪ್ಪಾಳೆ ಇದಕ್ಕಾಗಿ ಮೀಸಲಿರಲಿ. ಕಣ್ಣು ಕಾಣದವರು ಅಥವಾ ದೃಷ್ಟಿ ಮಂದವಾದವರು ತರಗತಿಯಲ್ಲಿದ್ದರೆ ಮಾತು ಎಲ್ಲೆಡೆ ಬೇಕು. ಕಿವಿ ಮಂದವಾದ ಹಿರಿಯರಿಗೆ ಇದು ತಿರುವುಮುರುವು: ವಯಸ್ಸಿನ ಜೊತೆ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದುಗಳು, ಅಂದರೆ ಸ, ಶ ದಂಥ ವ್ಯಂಜನಗಳು ಹಾಡಿನಲ್ಲಿ ಮುಳುಗಿ ಮಾತು ಕೇಳಿಸಿದರೂ ತಿಳಿಯುವುದಿಲ್ಲ. ಅವರಿಗೆ ನಿಮ್ಮ ಕೈಯೂ ತುಟಿಯೂ ಕಾಣುವ ಜಾಗ ಕೊಡಿ.

ಆನ್‌ಲೈನ್ ತರಗತಿಯನ್ನೂ ಮಾಡುವುದಿದ್ದರೆ ಎರಡು ಎಚ್ಚರ. ಝೂಮ್‌ನಲ್ಲಿ ನಿಮ್ಮ ಚಿತ್ರ ನಿಮಗೆ ಮಾತ್ರ ಕನ್ನಡಿಯಂತೆ ಕಾಣುತ್ತದೆ; ಅವರಿಗೆ ಎದುರು ನಿಂತ ಮನುಷ್ಯನಂತೆಯೇ. ಹಾಗಾಗಿ ಅವರ ಬಲಕ್ಕೆ ನಿಮ್ಮ ಎಡ ಎಂಬ ನಿಯಮ ಅಲ್ಲೂ ಹಾಗೇ ಇರುತ್ತದೆ. ಮತ್ತೆ ಚಪ್ಪಾಳೆಯನ್ನು ಆ ತಂತ್ರಾಂಶ ಗದ್ದಲವೆಂದು ಅಳಿಸಿಹಾಕುವುದು ಸಾಮಾನ್ಯ, ಅದನ್ನು ನಂಬಬೇಡಿ.

ನಿಮ್ಮ ಸನ್ನೆ ಸರಿಯಾಗಿದೆಯೇ ಎಂದು ತಿಳಿಯಲು ಫೋನನ್ನು ನಾಲ್ಕನೆಯ ಸಾಲಿನ ಹಿಂದೆ, ಕಣ್ಣಿನ ಎತ್ತರದಲ್ಲಿ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ; ಚಿತ್ರಣಕ್ಕೆ ತರಗತಿಯವರ ಒಪ್ಪಿಗೆ ಮೊದಲೇ ಪಡೆದಿರಿ. ಮನೆಯಲ್ಲಿ ಸದ್ದು ಪೂರ್ತಿ ಆರಿಸಿ, ತರಗತಿ ನೋಡಿರದ ಯಾರಿಗಾದರೂ ಅದನ್ನು ಹಾಕಿ ಜೊತೆಗೆ ಮಾಡಲು ಹೇಳಿ. ಅವರು ಎಲ್ಲೆಲ್ಲಿ ಎಡವುತ್ತಾರೋ ಅಲ್ಲಿ ನಿಮ್ಮ ಕೈ ತಡವಾಗಿ ಎದ್ದಿರುತ್ತದೆ, ಇಲ್ಲವೇ ಎದೆಯ ಮುಂದೆಯೇ ಉಳಿದಿರುತ್ತದೆ.

ಇನ್ನು ಗಂಟಲು. ಸನ್ನೆಯಿಂದ ನಿಮ್ಮ ಮಾತು ಅರ್ಧಕ್ಕಿಳಿದರೂ ಹಾಡಿನ ಸದ್ದು ಇಳಿಯದಿದ್ದರೆ ಉಳಿದರ್ಧವನ್ನು ಕೂಗಿಯೇ ಹೇಳುತ್ತೀರಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಹಾಕಿಕೊಟ್ಟ ಮಿತಿಯಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ಫೋನಿನ ಡೆಸಿಬಲ್ ಆ್ಯಪ್ ನಿಖರವಲ್ಲದಿದ್ದರೂ ಅಂದಾಜಿಗೆ ಸಾಕು: ತರಗತಿಯ ಮಧ್ಯದಲ್ಲಿ 80ರ ಆಸುಪಾಸಿಗೆ ಇಳಿಸಿ. ಹೆಡ್‌ಸೆಟ್ ಮೈಕ್ ಕೊಳ್ಳಿ, ಅದರ ತುದಿ ಬಾಯಿಯ ಮೂಲೆಯಿಂದ ಎರಡು ಬೆರಳಗಲ ದೂರದಲ್ಲಿ, ಉಸಿರು ನೇರ ತಾಗದಂತೆ ಇರಲಿ. ಪುಷ್‌ಅಪ್ ಮಾಡುತ್ತಾ, ಮಲಗಿ ಕಾಲೆತ್ತುತ್ತಾ ಮಾತಾಡುವುದನ್ನು ಬಿಡಿ. ಭಾರ ಎತ್ತುವಾಗ ಧ್ವನಿತಂತುಗಳು ತಾವಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಅದರ ಮೇಲೆ ಕೂಗಿದರೆ ಅವಕ್ಕೆ ಪೆಟ್ಟು. ಮಾಡಿ ತೋರಿಸಿ, ಎದ್ದು ನಿಂತು ಹೇಳಿ. ದನಿ ಕಟ್ಟಿದ ದಿನ ಪಿಸುಗುಟ್ಟಿ ಕಲಿಸಿದರೆ ವಿಶ್ರಾಂತಿಯಾದಂತಲ್ಲ, ಪಿಸುಮಾತೂ ಧ್ವನಿತಂತುಗಳನ್ನು ದಣಿಸುತ್ತದೆ. ಆ ದಿನ ನಿಜಕ್ಕೂ ಕೈಯಲ್ಲೇ ನಡೆಸಿ. ಗಂಟಲು ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಕಷಾಯ, ಜೇನುತುಪ್ಪ ಎಂದು ದಿನ ದೂಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಕೂಗುವವರ ಧ್ವನಿತಂತುಗಳಲ್ಲಿ ಸಣ್ಣ ಗಂಟುಗಳಾಗುವುದುಂಟು. ಬೇಗ ತಿಳಿದರೆ ಬಹಳಷ್ಟು ಸಲ ಧ್ವನಿ ಚಿಕಿತ್ಸೆಯಿಂದಲೇ ಅವು ಕರಗುತ್ತವೆ.